ಸುರುಳಿಯೊಳಗಿನ ಕಡತ

ಅಮೆರಿಕದ ಯೂಟಾ ವಿಶ್ವವಿದ್ಯಾಲಯದ ಕಂಪ್ಯೂಟರ್ ವಿಭಾಗದಲ್ಲಿ 2025ರಲ್ಲಿ ಉಗ್ರಾಣ ಚೊಕ್ಕಟ ಮಾಡುವ ಕೆಲಸ ನಡೆದಿತ್ತು. ಬೇಡದ್ದನ್ನೆಲ್ಲ ಆರಿಸಿ ತೆಗೆಯುವಾಗ ಒಂದು ಹಳೆಯ ಟೇಪಿನ ಸುರುಳಿ ಸಿಕ್ಕಿತು. ಅದಕ್ಕಂಟಿಸಿದ ಚೀಟಿಯ ಮೇಲೆ ಕೈಬರಹ: ಬೆಲ್ ಲ್ಯಾಬ್ಸ್‌ನಿಂದ ಬಂದ ಅಸಲು ಯುನಿಕ್ಸ್, ನಾಲ್ಕನೇ ಆವೃತ್ತಿ. ಅದರ ಜೊತೆಗೆ ಕಂಸದೊಳಗೆ ಇನ್ನೊಂದು ಮಾತು: ಫಾರ್ಮ್ಯಾಟ್‌ಗೆ ಕೈಪಿಡಿ ನೋಡಿ.

ಕಂಪ್ಯೂಟರ್ ಚರಿತ್ರೆಯ ಹುಚ್ಚು ಹತ್ತಿಸಿಕೊಂಡವರಿಗೆ ಇದು ನಿಧಿ ಸಿಕ್ಕಿದಂಥ ಸುದ್ದಿ. ಕೆನ್ ಥಾಂಪ್ಸನ್ ಮತ್ತು ಡೆನಿಸ್ ರಿಚಿ ಕಟ್ಟಿದ ಯುನಿಕ್ಸ್ ಎಂಬ ಆಪರೇಟಿಂಗ್ ಸಿಸ್ಟಂನ ತಿರುಳು ಮೊದಲ ಸಲ ಸಿ ಭಾಷೆಯಲ್ಲಿ ಬಂದದ್ದು 1973ರ ಈ ಆವೃತ್ತಿಯಲ್ಲಿ. ಇವತ್ತಿನ ಸರ್ವರುಗಳ, ಫೋನುಗಳ ವಂಶಾವಳಿ ಹಿಡಿದು ಹಿಂದೆ ಹೋದರೆ ಯುನಿಕ್ಸಿನ ಮನೆ ಬಾಗಿಲಿಗೇ ಹೋಗಿ ನಿಲ್ಲುತ್ತೇವೆ. ಆದರೂ ಆ ಆವೃತ್ತಿಯ ಕೈಪಿಡಿ ಮತ್ತು ಚೂರುಪಾರು ಭಾಗ ಬಿಟ್ಟರೆ ಪೂರ್ತಿ ಪ್ರತಿ ಎಲ್ಲಾದರೂ ಉಳಿದಿರುವ ಸುದ್ದಿ ಯಾರಿಗೂ ಇರಲಿಲ್ಲ. ಸುರುಳಿಯನ್ನು ಕಾರಿನಲ್ಲಿಟ್ಟುಕೊಂಡು ಕ್ಯಾಲಿಫೋರ್ನಿಯಾದ ಮೌಂಟನ್ ವ್ಯೂನಲ್ಲಿರುವ ಕಂಪ್ಯೂಟರ್ ಹಿಸ್ಟರಿ ಮ್ಯೂಸಿಯಂವರೆಗೆ ಒಯ್ದರು. ಡಿಸೆಂಬರಿನಲ್ಲಿ ಅಲ್ಲಿಯ ಅಲ್ ಕಾಸೊ ಅದನ್ನು ಓದಿಸಿದರು. 52 ವರ್ಷ ಸುಮ್ಮನೆ ಮಲಗಿದ್ದ ಬರಹ ಎದ್ದು ಕೂತಿತು.

ಸುದ್ದಿ ಓದಿದಾಗ ನನ್ನ ಮನಸ್ಸು ಸಿಕ್ಕಿಹಾಕಿಕೊಂಡದ್ದು ಆ ಕಂಸದೊಳಗಿನ ಮಾತಿನಲ್ಲಿ. ಚೀಟಿ ಬರೆದವರಿಗೆ ಒಂದು ವಿಷಯ ಚೆನ್ನಾಗಿ ಗೊತ್ತಿತ್ತು. ಟೇಪು ಕೈಗೆ ಸಿಕ್ಕಿದ ಮಾತ್ರಕ್ಕೆ ಅದರಲ್ಲಿರುವುದು ಸಿಕ್ಕಿದಂತಲ್ಲ. ಹೇಗೆ ಬರೆದಿದೆ ಎಂಬುದು ತಿಳಿಯಬೇಕು, ಅದು ತಿಳಿಯಲು ಇನ್ನೊಂದು ಪುಸ್ತಕ ಬೇಕು, ಆ ಪುಸ್ತಕವೂ ಉಳಿದಿರಬೇಕು.

ಕಂಪ್ಯೂಟರಿನ ಫೈಲಿಗೆ ನಾವು ಕನ್ನಡದಲ್ಲಿ ‘ಕಡತ’ ಎನ್ನುತ್ತೇವೆ. ಸರ್ಕಾರಿ ಕಚೇರಿಯ ಫೈಲಿಗೂ ಅದೇ ಹೆಸರು. ಆದರೆ ಮೂಲದ ಕಡತ ಕಾಗದದ್ದಲ್ಲ, ಬಟ್ಟೆಯದು. ಹುಣಸೆ ಬೀಜ ಅರೆದು ಸರಿ ಕಾಯಿಸಿ, ಅದಕ್ಕೆ ಇದ್ದಿಲ ಪುಡಿ ಕಲಸಿ ಬಟ್ಟೆಗೆ ಬಳಿಯುತ್ತಿದ್ದರು. ಒಣಗಿದ ಮೇಲೆ ಅದು ಕಪ್ಪು ಹಲಗೆಯಂತೆ ಗಡುಸಾಗುತ್ತಿತ್ತು. ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಲ್ಲಿ ಲೆಕ್ಕ, ದಾನಪತ್ರ, ಪತ್ರವ್ಯವಹಾರಗಳನ್ನು ಬರೆದಿಡುತ್ತಿದ್ದರು. ಬೇಡವಾದರೆ ಒರೆಸಿ ಮತ್ತೆ ಬರೆಯಬಹುದಿತ್ತು. ಶೃಂಗೇರಿ ಮಠದಲ್ಲಿ ಉಳಿದುಬಂದ ಕಡತಗಳು ಇತಿಹಾಸಕಾರರಿಗೆ ದೊಡ್ಡ ಆಕರ.

ಈಗ ಕಂಪ್ಯೂಟರ್ ಟೇಪನ್ನು ನೋಡಿ. ಬಟ್ಟೆಯ ಜಾಗದಲ್ಲಿ ಪಾಲಿಯೆಸ್ಟರ್ ಪಟ್ಟಿ, ಹುಣಸೆ ಬೀಜದ ಸರಿಯ ಜಾಗದಲ್ಲಿ ಪಾಲಿಯುರಿಥೇನ್ ಅಂಟು, ಇದ್ದಿಲಿನ ಜಾಗದಲ್ಲಿ ಕಬ್ಬಿಣದ ಆಕ್ಸೈಡಿನ ಪುಡಿ. ಬಳಪದ ಕೆಲಸ ಮಾಡುವುದು ವಿದ್ಯುತ್ ಹರಿಯುವ ಪುಟ್ಟ ಹೆಡ್ಡು. ಅಡುಗೆ ಅದೇ, ದಿನಸಿ ಮಾತ್ರ ಬೇರೆ. ಫೈಲಿಗೆ ಕಡತವೆಂದು ಹೆಸರಿಟ್ಟವರಿಗೆ ಇದು ಹೊಳೆದಿತ್ತೋ ಇಲ್ಲವೋ, ಹೆಸರಂತೂ ಅಚ್ಚುಕಟ್ಟಾಗಿ ಕೂತಿದೆ. ಒರೆಸಿ ಬರೆಯುವ ಗುಣವೂ ಹಾಗೆಯೇ ಬಂದಿದೆ, ಶಾಪವಾಗಿ. ಮನುಷ್ಯ ಚಂದ್ರನ ಮೇಲೆ ಕಾಲಿಟ್ಟ ದೃಶ್ಯದ ಮೂಲ ಸಂಕೇತವಿದ್ದ ಅಪೋಲೋ 11ರ ಟೇಪುಗಳನ್ನು ನಾಸಾ ಬಹಳ ಹುಡುಕಿತು. ಅವನ್ನು ಅಳಿಸಿ ಬೇರೆ ಕೆಲಸಕ್ಕೆ ಬಳಸಿಬಿಟ್ಟಿರಬೇಕು ಎಂದು 2009ರಲ್ಲಿ ಒಪ್ಪಿಕೊಂಡಿತು.

ಎರಡಕ್ಕೂ ಇರುವ ದೊಡ್ಡ ಅಂತರವೆಂದರೆ ಬಟ್ಟೆಯ ಕಡತ ಕಣ್ಣಿಗೆ ಕಾಣುತ್ತದೆ. ಮೋಡಿ ಲಿಪಿಯೋ ತಿಗಳಾರಿಯೋ ಗೊತ್ತಾಗದಿದ್ದರೂ, ಏನೋ ಬರೆದಿದೆ ಎಂದಾದರೂ ಗೊತ್ತಾಗುತ್ತದೆ. ಟೇಪಿನ ಕಂದು ಪಟ್ಟಿಯನ್ನು ಬಿಸಿಲಿಗೆ ಹಿಡಿದು ಎಷ್ಟು ನೋಡಿದರೂ ಖಾಲಿಯೋ ತುಂಬಿದೆಯೋ ತಿಳಿಯದು.

ಈ ಟೇಪು ನಮ್ಮ ಕಚೇರಿಗಳಿಗೆ ಹೇಗೆ ಬಂತು ಎಂಬುದು ದೊಡ್ಡ ಕಥೆಯಲ್ಲ. ಐಬಿಎಂ 1952ರಲ್ಲಿ ತನ್ನ 726 ಎಂಬ ಟೇಪ್ ಯಂತ್ರವನ್ನು ಹೊರತಂದಂದಿನಿಂದ ಅಗ್ಗವಾಗಿ, ಸಾಂದ್ರವಾಗಿ, ಕಂಪ್ಯೂಟರಿನಿಂದ ಬಿಡಿಸಿ ಬೇರೆ ಕಡೆ ಇಡಲಾಗುವಂತೆ ಮಾಹಿತಿ ಉಳಿಸುವ ಸಾಧನ ಇದೇ. ಮೊದಲು ಅರ್ಧ ಇಂಚು ಅಗಲದ, 2,400 ಅಡಿ ಉದ್ದದ ದೊಡ್ಡ ಸುರುಳಿಗಳಿದ್ದವು. ಇಂಚಿಗೆ 1,600 ಅಕ್ಷರ ಹಿಡಿಸಿದರೆ ಒಂದು ಸುರುಳಿಯಲ್ಲಿ 40 ಎಂಬಿ ಚಿಲ್ಲರೆ. ಈಗಿನ ಫೋನಿನ ಹತ್ತು ಫೋಟೋ. ಆಮೇಲೆ ಕಾಲಿಂಚಿನ ಕಾರ್ಟ್ರಿಜ್ ಬಂತು, ಅದಾದ ಮೇಲೆ ಹಾಡಿನ ಕ್ಯಾಸೆಟ್ಟಿಗಿಂತಲೂ ಚಿಕ್ಕದಾದ, ನಾಲ್ಕು ಮಿಲಿಮೀಟರ್ ಅಗಲದ ಡ್ಯಾಟ್ ಕ್ಯಾಸೆಟ್ಟು. 1990ರ ದಶಕದಲ್ಲಿ ನಮ್ಮ ಬ್ಯಾಂಕು, ಕಾರ್ಖಾನೆ, ಪತ್ರಿಕಾ ಕಚೇರಿಗಳಲ್ಲಿ ಕೆಲಸ ಮಾಡಿದವರಿಗೆ ಸಂಜೆ ಮನೆಗೆ ಹೊರಡುವ ಮುಂಚೆ ಆ ಕ್ಯಾಸೆಟ್ಟನ್ನು ಡ್ರೈವಿಗೆ ತುರುಕಿದ ನೆನಪಿರುತ್ತದೆ. ಟೇಪಿನ ಕಾಲ ಮುಗಿಯಿತು ಎಂದುಕೊಂಡವರು 2011ರ ಫೆಬ್ರುವರಿಯನ್ನು ನೆನೆಯಬಹುದು. ಜಿಮೇಲ್‌ನ ತಂತ್ರಾಂಶದಲ್ಲಿ ನುಸುಳಿದ್ದ ದೋಷದಿಂದ ಬಳಕೆದಾರರಲ್ಲಿ ಶೇ 0.02ರಷ್ಟು ಮಂದಿಯ ಅಂಚೆಪೆಟ್ಟಿಗೆ ಬರಿದಾಯಿತು. ಗೂಗಲ್ ಹಲವು ಡೇಟಾ ಸೆಂಟರುಗಳಲ್ಲಿ ಪ್ರತಿಗಳನ್ನು ಇಟ್ಟಿತ್ತು, ದೋಷ ಆ ಪ್ರತಿಗಳನ್ನೂ ಬಿಡಲಿಲ್ಲ. ಕೊನೆಗೆ ಕಾಪಾಡಿದ್ದು ತಂತಿಯ ಸಂಪರ್ಕವೇ ಇಲ್ಲದೆ ಕಪಾಟಿನಲ್ಲಿದ್ದ ಟೇಪು.

ಕಪಾಟಿನಲ್ಲಿದ್ದುದು ಅಲ್ಲಿಂದ ಹೊರಬರುವ ಬಗೆ ಹೇಗೆ? ಒಂದು ಉದಾಹರಣೆ ಕಲ್ಪಿಸಿಕೊಳ್ಳೋಣ. ಯಾವುದೋ ತಾಲ್ಲೂಕು ಕೇಂದ್ರದ ಮುದ್ರಣಾಲಯ. 1998ರಿಂದ 2005ರವರೆಗೆ ಅಲ್ಲಿ ವಿಂಡೋಸ್ ಎನ್‌ಟಿ ಸರ್ವರ್ ಇತ್ತು, ಪೇಜ್‌ಮೇಕರಿನಲ್ಲಿ ಪುಟ ಕಟ್ಟುವ ಡಿಟಿಪಿ ಕಂಪ್ಯೂಟರುಗಳು ನಾಲ್ಕು, ಶನಿವಾರ ಸಂಜೆಯ ಡ್ಯಾಟ್ ಬ್ಯಾಕಪ್. ಈಗ ವ್ಯವಹಾರ ಮಗನ ಕೈಗೆ ಬಂದಿದೆ. ಅವನು ಲೈಸೆನ್ಸಿನ ತಲೆನೋವು ಬೇಡವೆಂದು ಎಲ್ಲ ಯಂತ್ರಗಳಿಗೂ ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ ಹಾಕಿದ್ದಾನೆ. ಊರಿನ ಲೇಖಕರೊಬ್ಬರ ಹಳೆಯ ಕಾದಂಬರಿ ಮರುಮುದ್ರಣಕ್ಕೆ ಬಂದಿದೆ.

“ಅಪ್ಪಾ, ಆ ಬುಕ್ಕು ನಾವೇ ಅಲ್ವಾ ಕಂಪೋಸ್ ಮಾಡಿದ್ದು?”

“ಹೂಂ ಕಣೋ. ಆ ಬಿಸ್ಕತ್ ಡಬ್ಬೀಲಿ ಕ್ಯಾಸೆಟ್ ಇವೆ ನೋಡು. ಅದರಲ್ಲಿ ಎಲ್ಲಾ ಇದೆ.”

ಡಬ್ಬಿಯಲ್ಲಿ ಹನ್ನೊಂದು ಕ್ಯಾಸೆಟ್ಟುಗಳಿವೆ. ಸ್ಟಿಕ್ಕರಿನ ಮೇಲೆ ‘ಫುಲ್ – ಶನಿವಾರ’. ಯಾವ ಶನಿವಾರ ಎಂಬುದಕ್ಕೆ ಇಸವಿಯಿಲ್ಲ. ಬರೆಯುವಾಗ ಅದು ಎಲ್ಲರಿಗೂ ಗೊತ್ತಿದ್ದ ಶನಿವಾರ.

ಮೊದಲ ತೊಡಕು ಡ್ರೈವು. ಹಳೆಯ ಸರ್ವರನ್ನು ತೂಕಕ್ಕೆ ಹಾಕಿದಾಗ ಡ್ರೈವೂ ಅದರ ಹೊಟ್ಟೆಯಲ್ಲೇ ಹೋಗಿರುತ್ತದೆ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿ ಒಂದನ್ನು ತಂದರೂ ಅದು ಸ್ಕಸಿ ಎಂಬ ಹಳೆಯ ಜೋಡಣೆಯದು. ಅದಕ್ಕೆ ತಕ್ಕ ಕಾರ್ಡು ಬೇಕು, ಕಾರ್ಡು ಕೂರುವಂಥ ಹಳೆಯ ಮದರ್‌ಬೋರ್ಡು ಬೇಕು, ಕೇಬಲ್ಲಿನ ತುದಿಗೆ ಟರ್ಮಿನೇಟರ್ ಎಂಬ ಬಿರಡೆ ಬೇಕು. ಆ ಬಿರಡೆ ಮರೆತರೆ ಡ್ರೈವು ಒಮ್ಮೆ ಕಾಣಿಸುತ್ತದೆ, ಇನ್ನೊಮ್ಮೆ ಮಾಯ. ಮನುಷ್ಯನಿಗೆ ತನ್ನ ಮೇಲೇ ಅನುಮಾನ ಬರುತ್ತದೆ. ಡ್ಯಾಟ್ ಡ್ರೈವಿನ ಒಳಗಿರುವುದು ಮದುವೆ ವಿಡಿಯೊ ನೋಡುತ್ತಿದ್ದ ವಿಸಿಆರ್‌ನದೇ ಏರ್ಪಾಡು. ಓರೆಯಾಗಿ ಕೂರಿಸಿದ ಉರುಳೆಯೊಂದು ಗಿರ್ರನೆ ತಿರುಗುತ್ತ, ಕೂದಲಿಗಿಂತ ತೆಳುವಾದ ಓರೆ ಗೆರೆಗಳಲ್ಲಿ ಬರೆಯುತ್ತದೆ. ಬರೆದ ಡ್ರೈವಿನ ಉರುಳೆ ಕೂದಲೆಳೆಯಷ್ಟು ವಾಲಿದ್ದರೆ, ಅದು ಬರೆದದ್ದನ್ನು ಅದು ಮಾತ್ರ ಓದಬಲ್ಲದು. ಬೇರೆ ಡ್ರೈವಿಗೆ ಆ ಟೇಪು ಬರೀ ಗದ್ದಲ. ಆಸ್ಪತ್ರೆಯಲ್ಲಿ ಒಬ್ಬನೇ ಕಾಂಪೌಂಡರ್ ಓದಬಲ್ಲ ಡಾಕ್ಟರ ಚೀಟಿಯ ಹಾಗೆ.

ಕಾಲಿಂಚಿನ ಕಾರ್ಟ್ರಿಜ್ ಇಟ್ಟುಕೊಂಡವರ ಪಾಡು ಬೇರೆ. ಆ ಡ್ರೈವುಗಳಲ್ಲಿ ಟೇಪನ್ನು ನೂಕುವ ರಬ್ಬರಿನ ಗಾಲಿ ವರ್ಷಗಳು ಕಳೆದಂತೆ ಬೆಲ್ಲದ ಪಾಕದಂತೆ ಕರಗಿ ಅಂಟಂಟಾಗುತ್ತದೆ. ಕಾರ್ಟ್ರಿಜ್ಜಿನ ಒಳಗಿನ ಬೆಲ್ಟು ಸಡಿಲವಾಗುತ್ತದೆ ಇಲ್ಲವೇ ಹರಿಯುತ್ತದೆ. ಇದನ್ನು ನೋಡದೆ ಕಾರ್ಟ್ರಿಜ್ ತುರುಕಿ ಬಟನ್ ಒತ್ತಿದವರು ಮಾಹಿತಿಯನ್ನು ತಮ್ಮ ಕೈಯಾರೆ ಕೊಂದಿದ್ದಾರೆ.

ಡ್ರೈವಿಗಾಗಿ ಪರದಾಡಿದ ಕಥೆಗಳಲ್ಲಿ ಹೆಚ್ಚು ಹೆಸರಾದದ್ದು ಚಂದ್ರನ ಚಿತ್ರಗಳ ಪ್ರಸಂಗ. 1966–67ರಲ್ಲಿ ನಾಸಾದ ಐದು ಲೂನಾರ್ ಆರ್ಬಿಟರ್ ನೌಕೆಗಳು ಚಂದ್ರನ ಸುತ್ತ ಸುತ್ತಿ ಫೋಟೋ ತೆಗೆದು ಭೂಮಿಗೆ ಕಳಿಸಿದವು. ಆ ಸಂಕೇತಗಳು ಸುಮಾರು 1,500 ಟೇಪುಗಳಲ್ಲಿ ಅಡಗಿದ್ದವು. ಅವನ್ನು ಓದಬಲ್ಲ ಆಂಪೆಕ್ಸ್ ಎಫ್‌ಆರ್-900 ಯಂತ್ರಗಳೋ, ಒಂದೊಂದೂ ನಮ್ಮ ಹಳೆಯ ಗೋದ್ರೆಜ್ ಬೀರುವಿನ ಗಾತ್ರದವು. ಟೇಪುಗಳನ್ನು ಎಸೆಯಲು ಬಿಡದೆ ಕಾದವರು ನ್ಯಾನ್ಸಿ ಇವಾನ್ಸ್ ಎಂಬ ನಾಸಾದ ದಾಖಲೆಗಾರ್ತಿ. ಯಂತ್ರಗಳನ್ನೂ ಹೊಂದಿಸಿ ತನ್ನ ಮನೆಯ ಗ್ಯಾರೇಜಿನಲ್ಲಿ ವರ್ಷಗಟ್ಟಲೆ ಇಟ್ಟುಕೊಂಡರು. ನಂತರ ಡೆನಿಸ್ ವಿಂಗೊ ಮತ್ತು ಕೀತ್ ಕೌವಿಂಗ್ ಅವನ್ನು ನಾಸಾದ ಏಮ್ಸ್ ಕೇಂದ್ರಕ್ಕೆ ಸಾಗಿಸಿದರು. ಅಲ್ಲಿ ಸಿಕ್ಕ ಜಾಗ ಮುಚ್ಚಿಹೋಗಿದ್ದ ಮೆಕ್‌ಡೊನಾಲ್ಡ್ಸ್ ಹೋಟೆಲು. ಬರ್ಗರ್ ಮಾರುತ್ತಿದ್ದ ಕಟ್ಟಡದಲ್ಲಿ ಕೂತು, ಒಂದು ಯಂತ್ರದ ಬಿಡಿಭಾಗ ಕಿತ್ತು ಇನ್ನೊಂದಕ್ಕೆ ಹಾಕಿ, ನಿವೃತ್ತರಾದ ಕುಶಲಕರ್ಮಿಗಳನ್ನು ಹುಡುಕಿ ಕರೆಸಿ, 2008ರ ನವೆಂಬರಿನಲ್ಲಿ ಮೊದಲ ಚಿತ್ರ ಹೊರತಂದರು: ಚಂದ್ರನ ಅಂಚಿನಿಂದ ಕಂಡ ಭೂಮಿ, 1966ರ ಆಗಸ್ಟಿನದು. ಅಂದು ಪ್ರಕಟವಾಗಿದ್ದ ಚಿತ್ರಕ್ಕಿಂತ ಇದು ಎಷ್ಟೋ ಸ್ಫುಟವಾಗಿತ್ತು, ಯಾಕೆಂದರೆ ಟೇಪಿನಲ್ಲಿದ್ದಷ್ಟನ್ನು ಅಂದಿನ ಮುದ್ರಣ ಹೊರತೆಗೆದಿರಲೇ ಇಲ್ಲ.

ಇನ್ನು ಅಂಟಿನ ವಿಷಯ. ಕರಾವಳಿಯ ಮಳೆಗಾಲದಲ್ಲಿ ಹಪ್ಪಳ ಮೆದುವಾಗುವುದು ಎಲ್ಲರಿಗೂ ಗೊತ್ತು. ಟೇಪಿನ ಪಾಲಿಯುರಿಥೇನ್ ಕೂಡ ಗಾಳಿಯ ತೇವವನ್ನು ಹೀರಿ ಸಡಿಲವಾಗುತ್ತದೆ. 1970, 80ರ ದಶಕಗಳ ಕೆಲವು ತಯಾರಿಕೆಗಳಲ್ಲಂತೂ ಇದು ಸಾಮಾನ್ಯ ರೋಗ. ಅಂಥ ಟೇಪು ಓಡಿಸಿದರೆ ಕೀಚಲು ಸದ್ದು ಬರುತ್ತದೆ, ಕಂದು ಲೇಪ ಕಿತ್ತು ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಕಿತ್ತು ಬಂದ ಆ ಪುಡಿಯೇ ನಿಮ್ಮ ಮಾಹಿತಿ. ಇದಕ್ಕೆ ಮದ್ದು ಸುಡುವುದು ಎಂದರೆ ಯಾರೂ ನಂಬುವುದಿಲ್ಲ, ಆದರೆ ನಿಜ. ಸುಮಾರು 50ರಿಂದ 55 ಡಿಗ್ರಿ ಸೆಲ್ಸಿಯಸ್‌ನ ಹದ ಬಿಸಿಯಲ್ಲಿ ಎಂಟು ಗಂಟೆಯೋ ಅದಕ್ಕೂ ಹೆಚ್ಚೋ ಇಟ್ಟರೆ ತೇವ ಹೋಗಿ ಅಂಟು ಕೆಲವು ವಾರಗಳ ಮಟ್ಟಿಗೆ ಗಟ್ಟಿಯಾಗುತ್ತದೆ. ಆಂಪೆಕ್ಸ್ ಕಂಪನಿ ಈ ಚಿಕಿತ್ಸೆಗೆ ಪೇಟೆಂಟನ್ನೇ ಪಡೆದಿತ್ತು. ಆ ಕೆಲವು ವಾರಗಳಲ್ಲಿ ಓದಿ ಮುಗಿಸಬೇಕು. ಅಡುಗೆಮನೆಯ ಓವನ್ನಿನಲ್ಲಿ ಈ ಪ್ರಯೋಗ ಬೇಡ. ಅದರ ಡಿಗ್ರಿಯ ಮುಳ್ಳನ್ನು ನಂಬಿ ಕೆಟ್ಟವರಿದ್ದಾರೆ. ಎಲ್ಲ ಟೇಪಿಗೂ ಈ ಮದ್ದು ಹೊಂದುವುದೂ ಇಲ್ಲ. ನಮ್ಮ ಬಿಸ್ಕತ್ ಡಬ್ಬಿಯ ಡ್ಯಾಟ್ ಕ್ಯಾಸೆಟ್ಟಿಗೆ ಬರುವ ಕಾಯಿಲೆ ಸಾಮಾನ್ಯವಾಗಿ ಬೂಷ್ಟು.

ಸರಿ, ಡ್ರೈವು ಸಿಕ್ಕಿತು, ಕ್ಯಾಸೆಟ್ಟು ಶುಚಿಯಾಗಿದೆ ಎನ್ನೋಣ. ಒಳಗೆ ಹಾಕುವ ಮುಂಚೆ ಒಂದು ಕೆಲಸ: ಕ್ಯಾಸೆಟ್ಟಿನ ಅಂಚಿನಲ್ಲಿರುವ ಪುಟ್ಟ ಜಾರುಬಾಗಿಲನ್ನು ಸರಿಸಿ ಬರೆಯದಂತೆ ಬೀಗ ಹಾಕುವುದು. ಲಿನಕ್ಸಿನಲ್ಲಿ ಟಾರ್ ಎಂಬ ಹಳೆಯ ಆಜ್ಞೆಯೊಂದಿದೆ. ಅದಕ್ಕೆ ‘ಎಕ್ಸ್’ ಎಂದರೆ ಟೇಪಿನಿಂದ ಬಿಚ್ಚು, ‘ಸಿ’ ಎಂದರೆ ಹೊಸದಾಗಿ ಬರೆ. ಒಂದಕ್ಷರದ ಅಂತರ, ಕೀಲಿಮಣೆಯಲ್ಲಿ ಎರಡೂ ಅಕ್ಕಪಕ್ಕದ ಮನೆಯವು. ತಪ್ಪಿ ಸಿ ಒತ್ತಿದರೆ ಡ್ರೈವು ಟೇಪಿನ ಮೊದಲಲ್ಲೇ ಏನೋ ನಾಲ್ಕಕ್ಷರ ಬರೆದು ‘ಇಲ್ಲಿಗೆ ಮುಗಿಯಿತು’ ಎಂಬ ಗುರುತು ಹಾಕುತ್ತದೆ. ಅದರಾಚೆಗೆ ಹಳೆಯ ಬರಹ ಹಾಗೆಯೇ ಇರುತ್ತದೆ, ಆದರೆ ಡ್ರೈವು ಆ ಗುರುತು ದಾಟಿ ಹೋಗಲು ಒಪ್ಪುವುದಿಲ್ಲ. ಮಂಗಳ ಹಾಡಿದ ಮೇಲೆ ಭಾಗವತರು ಮತ್ತೆ ಪದ ಎತ್ತುವುದುಂಟೆ?

ಟೇಪಿನ ಮೇಲೆ ನಾವೆಣಿಸಿದಂತೆ ಹೆಸರು ಹೊತ್ತ ಕಡತಗಳು ಸಾಲಾಗಿ ಕೂತಿರುವುದಿಲ್ಲ. ಹಾರ್ಡ್ ಡಿಸ್ಕಿನಲ್ಲಿ ಪರಿವಿಡಿ ನೋಡಿ ಬೇಕಾದ ಪುಟಕ್ಕೆ ನೇರ ಹೋಗಬಹುದು. ಟೇಪು ಹರಿಕಥೆಯಿದ್ದಂತೆ, ಲಂಕಾದಹನ ಬೇಕಿದ್ದವರೂ ಬಾಲಕಾಂಡದಿಂದ ಕೂರಬೇಕು. ಅಲ್ಲಿರುವುದು ಬ್ಲಾಕ್ ಎಂಬ ಕಂತೆಗಳು ಮತ್ತು ನಡುನಡುವೆ ಒಂದು ಅಧ್ಯಾಯ ಮುಗಿದಂತೆ ಬರುವ ಗುರುತುಗಳು. ಕಂತೆಯ ಅಳತೆ ಎಷ್ಟೆಂದು ಬರೆದ ತಂತ್ರಾಂಶಕ್ಕೆ ಗೊತ್ತು, ಓದುವವನಿಗೆ ಗೊತ್ತಿಲ್ಲ. ಲಿನಕ್ಸ್ ಚಿಕ್ಕ ಪಾತ್ರೆ ಹಿಡಿದು ನಿಂತಾಗ ಟೇಪಿನಿಂದ ದೊಡ್ಡ ಕಂತೆ ಬಂದರೆ ಪರದೆಯ ಮೇಲೆ ಮೆಮೊರಿ ಸಿಗಲಿಲ್ಲ ಎಂಬ ದೂರು ಬರುತ್ತದೆ. ಹೊಸಬರು ಇದನ್ನು ನಂಬಿ ರ‍್ಯಾಮ್ ಕೊಳ್ಳಲು ಓಡುತ್ತಾರೆ. ಆಗಬೇಕಾದದ್ದು ಇಷ್ಟೇ, ಕೊಳಗದಲ್ಲಿ ಸುರಿಯುವುದನ್ನು ಪಾವಿನಲ್ಲಿ ಹಿಡಿಯಬಾರದು. ಕಂತೆಯ ಅಳತೆ ಡ್ರೈವೇ ಹೇಳಲಿ ಎಂದು ಬಿಟ್ಟು, ದೊಡ್ಡ ಪಾತ್ರೆ ಹಿಡಿದರೆ ಇದ್ದದ್ದು ಇದ್ದಷ್ಟೇ ಬಂದು ಬೀಳುತ್ತದೆ.

ಅನುಭವಿಗಳು ಈ ಹಂತದಲ್ಲಿ ಕಡತ ಬಿಚ್ಚಲು ಹೋಗುವುದೇ ಇಲ್ಲ. ಡಿಡಿ ಎಂಬ ಆಜ್ಞೆಯಿಂದ ಟೇಪಿನಲ್ಲಿರುವುದನ್ನೆಲ್ಲ ಹಾಗೆ ಹಾಗೆಯೇ, ಅರ್ಥ ಮಾಡಿಕೊಳ್ಳುವ ಗೋಜಿಲ್ಲದೆ, ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳುತ್ತಾರೆ. ಶಾಸನ ಸಿಕ್ಕ ಕೂಡಲೇ ಅಚ್ಚು ತೆಗೆದುಕೊಂಡು, ಓದುವ ಕೆಲಸವನ್ನು ಮನೆಗೆ ಬಂದು ಮಾಡುವ ಶಾಸನತಜ್ಞರ ಪದ್ಧತಿ ಇದು. ಟೇಪಿಗೆ ಒಂದೇ ಓಟದ ಆಯುಸ್ಸು ಉಳಿದಿರಬಹುದು. ಅಚ್ಚಿನ ಮೇಲೆ ನೂರು ಸಲ ಪ್ರಯತ್ನ ಮಾಡಬಹುದು. ಯೂಟಾದ ಟೇಪಿನ ವಿಷಯದಲ್ಲಿ ಇದನ್ನೂ ಮೀರಿ ಹೋದರು. ಸೊನ್ನೆ, ಒಂದು ಎಂದು ತೀರ್ಮಾನಿಸುವ ಕೆಲಸವನ್ನೇ ಡ್ರೈವಿಗೆ ಕೊಡಲಿಲ್ಲ. ಹೆಡ್ಡಿನಿಂದ ಹೊರಡುವ ವಿದ್ಯುತ್ತಿನ ಏರಿಳಿತವನ್ನು ಅಲೆಯಾಗಿಯೇ ಸೆರೆಹಿಡಿದು, ಎಲ್ಲಿ ಸೊನ್ನೆ ಎಲ್ಲಿ ಒಂದು ಎಂಬುದನ್ನು ಲೆನ್ ಶುಸ್ಟೆಕ್ ಬರೆದ ತಂತ್ರಾಂಶದಿಂದ ಆಮೇಲೆ ನಿಧಾನವಾಗಿ ನಿರ್ಣಯಿಸಿದರು.

ಇಷ್ಟಾದ ಮೇಲೆ ಆಪರೇಟಿಂಗ್ ಸಿಸ್ಟಂ ಬದಲಿಸಿದ್ದರ ನಿಜವಾದ ಬೆಲೆ ಗೊತ್ತಾಗುತ್ತದೆ. ಮುದ್ರಣಾಲಯದ ಟೇಪು ಬರೆದದ್ದು ವಿಂಡೋಸ್ ಎನ್‌ಟಿಯ ಜೊತೆಗೇ ಬರುತ್ತಿದ್ದ ಎನ್‌ಟಿಬ್ಯಾಕಪ್. ವಿಂಡೋಸ್ 2000, ಎಕ್ಸ್‌ಪಿ, 2003ರವರೆಗೂ ಅದು ಜೊತೆಯಲ್ಲಿತ್ತು. ವಿಸ್ಟಾ ಮತ್ತು ಸರ್ವರ್ 2008 ಬರುವಾಗ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿತು. ಹೊಸದಾಗಿ ಕೊಟ್ಟ ಬ್ಯಾಕಪ್ ವ್ಯವಸ್ಥೆಗೆ ಟೇಪೆಂದರೆ ಏನೆಂದೇ ಗೊತ್ತಿಲ್ಲ. ಅಂದರೆ ಲಿನಕ್ಸಿಗೆ ಹೋದವನಿಗಷ್ಟೇ ಈ ಕಷ್ಟವಲ್ಲ. ವಿಂಡೋಸಿಗೇ ನಿಷ್ಠನಾಗಿದ್ದು ವರ್ಷ ವರ್ಷ ದುಡ್ಡು ಕೊಟ್ಟು ಹೊಸದು ತಂದವನೂ ತನ್ನ ಹಳೆಯ ಟೇಪನ್ನು ಅದರಲ್ಲಿ ಓದಲಾರ. ತಮಾಷೆಯೆಂದರೆ ಲಿನಕ್ಸ್ ಇಂದಿಗೂ ಆ ಸ್ಕಸಿ ಡ್ರೈವನ್ನು ಗುರುತು ಹಿಡಿಯುತ್ತದೆ. ಎನ್‌ಟಿಬ್ಯಾಕಪ್ ಬಳಸುತ್ತಿದ್ದ ಎಂಟಿಎಫ್ ಎಂಬ ಫಾರ್ಮ್ಯಾಟನ್ನು ಬಿಡಿಸಿ ಓದುವ ಸಣ್ಣ ಉಚಿತ ತಂತ್ರಾಂಶಗಳನ್ನು ಯಾರೋ ಪುಣ್ಯಾತ್ಮರು ಬರೆದಿಟ್ಟಿದ್ದಾರೆ. ಬಿಟ್ಟುಹೋದ ಮನೆಗಿಂತ ಬಂದು ಸೇರಿದ ಮನೆಯಲ್ಲೇ ಹಳೆಯದಕ್ಕೆ ಹೆಚ್ಚು ಮರ್ಯಾದೆ. ಹೊರಗಿನ ಕಂಪನಿಗಳ ಬ್ಯಾಕಪ್ ತಂತ್ರಾಂಶ ಬಳಸಿದ್ದವರಿಗೆ ಈ ಅದೃಷ್ಟ ಕಡಿಮೆ. ಯಾವ ಕಡತ ಯಾವ ಟೇಪಿನಲ್ಲಿದೆ ಎಂಬ ಪಟ್ಟಿ ಅವರ ಸರ್ವರಿನಲ್ಲಿತ್ತು, ಸರ್ವರು ಗುಜರಿಗೆ ಹೋಯಿತು. ಟೇಪಿಗೆ ಗುಪ್ತಪದ ಹಾಕಿದ್ದರೆ ಅದನ್ನು ಬಲ್ಲವನು ಕೆಲಸ ಬಿಟ್ಟು ಹೋಗಿ ಹದಿನೈದು ವರ್ಷವಾಗಿರುತ್ತದೆ.

ಇದಕ್ಕೆ ಹೋಲಿಸಿದರೆ ಟಾರ್ ದೊಡ್ಡ ಮನುಷ್ಯ. ಅದರ ಹೆಸರೇ ಟೇಪಿನ ದಾಖಲೆ ಎಂಬುದರ ಮೊಟಕು ರೂಪ. 1979ರ ಏಳನೇ ಆವೃತ್ತಿಯ ಯುನಿಕ್ಸಿನಲ್ಲಿ ಬಂದದ್ದು ಇಂದಿಗೂ ಓಡುತ್ತದೆ. ಪ್ರತಿ ಕಡತದ ಮುಂದೆ 512 ಬೈಟುಗಳ ಒಂದು ಚೀಟಿ ಇರುತ್ತದೆ. ಅದರಲ್ಲಿ ಹೆಸರು, ಅಳತೆ, ದಿನಾಂಕ. ಅಳತೆಯನ್ನು ಯಂತ್ರದ ಒಳಭಾಷೆಯ ಅಂಕಿಯಲ್ಲಿ ಬರೆಯದೆ, ನಾವು ಕಾಗದದ ಮೇಲೆ ಬರೆಯುವಂತೆ ಒಂದೊಂದೇ ಅಂಕೆಯಾಗಿ ಬರೆಯುತ್ತದೆ. ಇದು ಕ್ಷುಲ್ಲಕ ಎನ್ನಿಸಬಹುದು. ಆದರೆ ಕೆಲವು ಯಂತ್ರಗಳು ಸಂಖ್ಯೆಯ ದೊಡ್ಡ ಭಾಗವನ್ನು ಮೊದಲು ಬರೆಯುತ್ತವೆ, ಕೆಲವು ಚಿಕ್ಕದನ್ನು. ಯುನಿಕ್ಸನ್ನು ಪಿಡಿಪಿ-11 ಯಂತ್ರದಿಂದ ಬೇರೊಂದಕ್ಕೆ ಸಾಗಿಸಿದಾಗ ‘ಯುನಿಕ್ಸ್’ ಎಂಬ ತನ್ನ ಹೆಸರನ್ನೇ ಅದು ‘ನುಕ್ಸಿ’ ಎಂದು ಮುದ್ರಿಸಿತು ಎಂಬ ಕಥೆ ಆ ವಲಯದಲ್ಲಿ ಈಗಲೂ ಚಾಲ್ತಿಯಲ್ಲಿದೆ. ಜೋಡಿ ಅಕ್ಷರಗಳು ಹಿಂದುಮುಂದಾಗಿದ್ದವು. ಟಾರಿನ ಚೀಟಿಗೆ ಈ ಭಯವಿಲ್ಲ. 1990ರ ಸುಮಾರಿಗೆ ನಮ್ಮ ಎಷ್ಟೋ ಬ್ಯಾಂಕ್ ಶಾಖೆಗಳಲ್ಲಿ ಎಸ್‌ಸಿಒ ಕಂಪನಿಯ ಕ್ಸೆನಿಕ್ಸ್, ಯುನಿಕ್ಸ್ ಇದ್ದವು. ಅಂದು ಟಾರಿನಲ್ಲಿ ಬರೆದ ಕಾರ್ಟ್ರಿಜ್ ಇಂದು ಓಡುವ ಸ್ಥಿತಿಯಲ್ಲಿದ್ದರೆ, ಇವತ್ತಿನ ಲಿನಕ್ಸ್ ಅದನ್ನು ತಕರಾರಿಲ್ಲದೆ ಬಿಚ್ಚುತ್ತದೆ.

ಕೈಪಿಡಿಯಿಲ್ಲದೆ ಉಳಿದ ಟೇಪಿನ ಗತಿ ಏನಾಗುತ್ತದೆ ಎಂಬುದಕ್ಕೆ ವೈಕಿಂಗ್ ಸಾಕ್ಷಿ. 1976ರಲ್ಲಿ ಮಂಗಳನ ಮೇಲಿಳಿದ ಆ ನೌಕೆಗಳು ಅಲ್ಲಿಯ ಮಣ್ಣಿನಲ್ಲಿ ಜೀವವಿದೆಯೇ ಎಂದು ಪರೀಕ್ಷಿಸಿದ್ದವು. ಎರಡು ದಶಕಗಳಾದ ಮೇಲೆ ಜೋಸೆಫ್ ಮಿಲ್ಲರ್ ಎಂಬ ಜೀವವಿಜ್ಞಾನಿ ಆ ಅಂಕಿಅಂಶ ಕೇಳಿದರು. ಟೇಪಿನಲ್ಲಿದ್ದದ್ದನ್ನು ಅರ್ಥ ಮಾಡಿಕೊಳ್ಳುವಂತಿರಲಿಲ್ಲ. ಆ ಫಾರ್ಮ್ಯಾಟ್ ಬಲ್ಲವರು ಯಾರೂ ಉಳಿದಿರಲಿಲ್ಲ. ಅವರ ಕೆಲಸ ಮುಂದೆ ಸಾಗಿದ್ದು ಹಳೆಯ ಕಾಗದದ ಪ್ರತಿಗಳಿಂದ. ಮಂಗಳನಿಂದ ಬಂದದ್ದನ್ನು ಉಳಿಸಿದ್ದು ಕಾಗದ!

ಹೊಸ ಟೇಪುಗಳಲ್ಲಿ ಈ ಪಾಠವನ್ನು ಅರ್ಧ ಕಲಿತಿದ್ದಾರೆ. 2000ದಲ್ಲಿ 100 ಜಿಬಿಯೊಂದಿಗೆ ಶುರುವಾದ ಎಲ್‌ಟಿಒ ಕ್ಯಾಸೆಟ್ಟು ಹತ್ತನೇ ತಲೆಮಾರಿಗೆ 30 ಟೆರಾಬೈಟ್ ಮುಟ್ಟಿದೆ. 2010ರಿಂದೀಚೆಗೆ ಟೇಪಿನ ಮೊದಲಲ್ಲೇ ಪರಿವಿಡಿ ಬರೆದಿಡುವ ಮುಕ್ತ ಫಾರ್ಮ್ಯಾಟ್ ಕೂಡ ಇದೆ. ಇನ್ನರ್ಧ? ಏಳನೇ ತಲೆಮಾರಿನವರೆಗಿನ ಡ್ರೈವುಗಳು ತಮ್ಮ ಹಿಂದಿನ ಎರಡು ತಲೆಮಾರಿನ ಟೇಪನ್ನು ಓದುತ್ತಿದ್ದವು. ಎಂಟನೆಯದು ಒಂದೇ ತಲೆಮಾರು ಹಿಂದಕ್ಕೆ ಹೋಗುತ್ತದೆ. ಹತ್ತನೆಯದು ತನ್ನದನ್ನು ಬಿಟ್ಟು ಬೇರೆ ಯಾರದನ್ನೂ ಓದುವುದಿಲ್ಲ. ಅಜ್ಜನ ಮಾತು ಮೊಮ್ಮಗನಿಗೆ ತಿಳಿಯುತ್ತಿದ್ದ ಮನೆಯಲ್ಲಿ ಈಗ ಅಪ್ಪನ ಮಾತೂ ಮಗನಿಗೆ ತಿಳಿಯದು.

ಮುದ್ರಣಾಲಯಕ್ಕೆ ಮರಳೋಣ. ಐದನೇ ಕ್ಯಾಸೆಟ್ಟಿನಲ್ಲಿ ಕಾದಂಬರಿ ಸಿಕ್ಕಿದೆ. ಪೇಜ್‌ಮೇಕರಿನ ಕಡತವನ್ನು ಲಿಬ್ರೆಆಫೀಸ್ ತಕ್ಕಮಟ್ಟಿಗೆ ತೆರೆಯುತ್ತದೆ. ಮಗ ತೆರೆದು ನೋಡಿದರೆ ಒಂದಕ್ಷರ ಕನ್ನಡವಿಲ್ಲ. ‘ಕನ್ನಡ’ ಎಂದಿರಬೇಕಾದಲ್ಲಿ ಇಂಗ್ಲಿಷಿನ ಪಿ, ತಲೆಯ ಮೇಲೆ ಗೆರೆ ಹೊತ್ತ ಎ, ಬ್ರಿಟನ್ನಿನ ಪೌಂಡಿನ ಗುರುತು, ಮತ್ತೆ ಅದೇ ಎ, ಜರ್ಮನ್ ಭಾಷೆಯ ಯಾವುದೋ ಅಕ್ಷರ, ಚಿಕ್ಕ ಕ್ಯೂ, ಕೊನೆಗೆ ಮತ್ತದೇ ಗೆರೆಯ ಎ. ಟೇಪು ಕೆಟ್ಟಿದೆ ಎಂದುಕೊಳ್ಳುತ್ತಾನೆ. ಟೇಪು ಕೆಟ್ಟಿಲ್ಲ. ಆ ಕಾಲದ ಕನ್ನಡ ಹೀಗೆಯೇ ಇತ್ತು.

ಎಲ್ಲ ಭಾಷೆಗಳ ಅಕ್ಷರಗಳಿಗೂ ಬೇರೆ ಬೇರೆ ಸಂಖ್ಯೆ ಗೊತ್ತುಮಾಡುವ ಯೂನಿಕೋಡ್‌ನ ಮೊದಲ ಆವೃತ್ತಿ 1991ರಲ್ಲಿ ಬಂದಾಗಲೇ ಕನ್ನಡಕ್ಕೆ 128 ಮನೆಗಳ ಕೇರಿಯೊಂದನ್ನು ಗೊತ್ತುಮಾಡಿತ್ತು. ಆದರೆ ನಮ್ಮ ಡಿಟಿಪಿ ಲೋಕ ಅಲ್ಲಿ ವಾಸಕ್ಕೆ ಹೋಗಲು ಬಹಳ ವರ್ಷ ಹಿಡಿಯಿತು. ವಿಂಡೋಸ್‌ಗೆ ತುಂಗಾ ಎಂಬ ಕನ್ನಡ ಫಾಂಟು ಬಂದದ್ದೇ ಎಕ್ಸ್‌ಪಿಯ ಕಾಲಕ್ಕೆ. ಅಲ್ಲಿಯವರೆಗೆ ಶ್ರೀಲಿಪಿ, ಆಕೃತಿ, ಪ್ರಕಾಶಕ್, ಬರಹ, ನುಡಿ ಎಲ್ಲವೂ ಮಾಡಿದ್ದು ಒಂದು ಜಾಣ ಮೋಸ: ಇಂಗ್ಲಿಷ್ ಅಕ್ಷರಗಳ ಮನೆಗಳಲ್ಲಿ ಕನ್ನಡದ ಚೂರುಗಳನ್ನು ಕೂರಿಸಿದರು. ಕಾ ಎಂಬುದು ಒಂದಕ್ಷರವಲ್ಲ, ಕಕಾರದ ಮೈ ಒಂದು ಚೂರು, ದೀರ್ಘ ಇನ್ನೊಂದು ಚೂರು. ಕಂಪ್ಯೂಟರಿಗೆ ತಾನು ಕನ್ನಡ ಬರೆಯುತ್ತಿದ್ದೇನೆಂಬುದು ಗೊತ್ತೇ ಇರಲಿಲ್ಲ. ಫಾಂಟು ಇರುವವರೆಗೆ ಕನ್ನಡ. ಫಾಂಟು ಹೋದರೆ ಪಿ, ಪೌಂಡು. ಅದೂ ಒಬ್ಬೊಬ್ಬ ತಯಾರಕರದು ಒಂದೊಂದು ಹಂಚಿಕೆ. ಒಂದು ಫಾಂಟಿನಲ್ಲಿ ಕಕಾರವಿದ್ದ ಮನೆಯಲ್ಲಿ ಇನ್ನೊಂದರಲ್ಲಿ ಬೇರೆಯೇ ಒತ್ತು. ಕನ್ನಡ ಗಣಕ ಪರಿಷತ್ತು ಇದಕ್ಕೊಂದು ಏಕರೂಪ ತರಲು ಹೆಣಗಿದ್ದು ಈ ಗೋಜಲಿನ ನಡುವೆಯೇ. ಇಂಗ್ಲಿಷಿನವರ ಹಳೆಯ ಟೇಪು ಬಿಚ್ಚಿಕೊಂಡರೆ ಕೆಲಸ ಮುಗಿದಂತೆ. ನಮಗೆ ಅಲ್ಲಿಂದ ಶುರು.

ಹಳೆಯ ಹಂಚಿಕೆಯನ್ನು ಯೂನಿಕೋಡಿಗೆ ಬದಲಿಸುವ ತಂತ್ರಾಂಶಗಳು ಈಗ ಉಚಿತವಾಗಿ ಸಿಗುತ್ತವೆ. ಮಗ ಇಡೀ ಕಾದಂಬರಿಯನ್ನು ಅಂಥದೊಂದಕ್ಕೆ ಸುರಿಯುತ್ತಾನೆ. ಕಣ್ಣು ಮಿಟುಕಿಸುವಷ್ಟರಲ್ಲಿ ಪಿ, ಪೌಂಡುಗಳೆಲ್ಲ ಕರಗಿ ಕನ್ನಡ ಎದ್ದು ಬರುತ್ತದೆ. ಇಪ್ಪತ್ತೈದು ವರ್ಷದ ಹಿಂದಿನ ಮಾತುಗಳು ನಿನ್ನೆ ಬರೆದಂತೆ ಹೊಳೆಯುತ್ತವೆ. ಖುಷಿಯಿಂದ ಮೊದಲ ಪುಟ ಮುದ್ರಿಸಿ ಅಪ್ಪನ ಕೈಗೆ ಕೊಡುತ್ತಾನೆ.

ಅಪ್ಪ ಕನ್ನಡಕ ಏರಿಸಿ, ಅಭ್ಯಾಸಬಲದಿಂದ ಕಿವಿಯ ಮೇಲಿನ ಕೆಂಪು ಪೆನ್ನು ತೆಗೆಯುತ್ತಾರೆ. ಎರಡನೇ ಸಾಲಿನಲ್ಲಿ ‘ಕನಾರ್ಟಕ’ ಎಂದಿದೆ. ಹಳೆಯ ಫಾಂಟಿನಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಂಡಂತೆ ಅಕ್ಷರದ ನಂತರ ಇಡುತ್ತಿದ್ದರು. ಯೂನಿಕೋಡಿನಲ್ಲಿ ಬಾಯಿ ಉಚ್ಚರಿಸುವಂತೆ ರಕಾರ ಮೊದಲು ಬರಬೇಕು. ತಂತ್ರಾಂಶ ಚೂರನ್ನು ಇದ್ದಲ್ಲೇ ಬದಲಿಸಿ ಕೈತೊಳೆದುಕೊಂಡಿದೆ. ಕೆಳಗೆ ‘ಸೂಯರ್’ ಹುಟ್ಟಿದ್ದಾನೆ. ಅದರ ಕೆಳಗೆ ಯಾರೋ ‘ಮಾಗರ್’ ತಪ್ಪಿದ್ದಾರೆ.

“ಎಷ್ಟು ಪುಟ ಇದೆಯೋ?”

“ಮುನ್ನೂರ ನಲವತ್ತು.”

“ಎಲ್ಲಾ ಪ್ರಿಂಟ್ ತಗೊಂಡು ಬಾ. ಎರಡು ಪೆನ್ನೂ ತಗೊಂಡು ಬಾ.”